ಟರ್ಬೊ ಕಾರಿಗೆ ಹಾಕಿದ ಕೊಸರು

ನವೆಂಬರ್ 16, ಭಾನುವಾರ, ಬೆಳಿಗ್ಗೆ 6.40. ಹುಕ್ಕೇರಿ.

ಗೋಕಾಕದಲ್ಲಿ ನಾನು ಕೆಲಸ ಮಾಡುತ್ತಿದ್ದ ಗ್ಯಾರೇಜಿಗೆ ಡಿಪ್ಲೊಮಾ ಮುಗಿಸಿದ ಇಬ್ಬರು ಹುಡುಗಿಯರು ಹೊಸದಾಗಿ ಸೇರಿದ್ದಾರೆ. ಮೊನ್ನೆ ಫೋನ್ ಮಾಡಿ, "ಅಕ್ಕಾ, ಟರ್ಬೊ ಗಾಡಿಗೆ ಆಯಿಲ್ ಹೆಂಗ ಆರಿಸೂದು ಅಂತ ಒಂದೀಟು ಬರದು ಕೊಡ್ರಿ" ಎಂದರು. ಒಂದು ಪುಟ ಸಾಕು ಎಂದುಕೊಂಡು ಹಳೆಯ ನೋಟ್‌ಬುಕ್ಕುಗಳನ್ನು ತೆಗೆದೆ. ಸಾಕಾಗಲಿಲ್ಲ. ಅವರಿಗೆಂದು, ಬೇರೆಯವರೂ ಓದಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಆ ಗ್ಯಾರೇಜಿನಲ್ಲಿ ನಾನಿದ್ದದ್ದು ಐದು ವರ್ಷ ಏಳು ತಿಂಗಳು. ಈ ಏಪ್ರಿಲ್‌ನಲ್ಲಿ ಬಿಟ್ಟೆ. ಇಪ್ಪತ್ತೆಂಟನೆಯ ವಯಸ್ಸಿಗೆ ನಿವೃತ್ತಿ ಎಂದರೆ ಮನೆಯಲ್ಲಿ ನಗುತ್ತಾರೆ, ಆದರೆ ನಾನು ಇನ್ನೊಮ್ಮೆ ಸ್ಪ್ಯಾನರ್ ಹಿಡಿಯುವವಳಲ್ಲ. ಈಗ ಹುಕ್ಕೇರಿಯ ಒಂದು ಕಚೇರಿಯಲ್ಲಿ ಜನರ ಅರ್ಜಿಗಳನ್ನು ಕಂಪ್ಯೂಟರಿಗೆ ಏರಿಸುತ್ತೇನೆ. ತಪ್ಪು ಬಿದ್ದರೆ ಅಳಿಸಿ ಮತ್ತೆ ಬರೆಯಬಹುದು.

ಇದನ್ನು ಇಂದೇ ಬರೆಯಲು ಇನ್ನೊಂದು ಕಾರಣವಿದೆ. ಬೆಲ್ಲದ ಬಾಗೇವಾಡಿಯ ಅಜಿತಣ್ಣನ ಕಾರು ಫೆಬ್ರವರಿಯಿಂದ ಅವರ ಮನೆಯ ಪಕ್ಕದ ಶೆಡ್ಡಿನಲ್ಲಿ ನಿಂತಿದೆ. ಹೊಸ ಟರ್ಬೊ ಬಂದು ಕೂತಿದೆ. ಎಂಜಿನ್ ತಳದ ಆಯಿಲ್ ಚೇಂಬರ್ ಖಾಲಿ ಇದೆ. ನಾನು ಹೇಳಿದ ಆಯಿಲ್, ನಾನು ಹೇಳಿದಷ್ಟು ಹಾಕಿ ಚಾಲೂ ಮಾಡುತ್ತೇನೆ ಎಂದು ಅವನು ಹಟ ಹಿಡಿದಿದ್ದಾನೆ. ಆ ಕಾರಿನ ಹಿಂದಿನ ಸೀಟಿನಲ್ಲಿ ಅವನ ತಾಯಿ ಕೂರುತ್ತಾರೆ. ಮೊದಲೊಮ್ಮೆ ನಾನು ಸುರಿದ ಆಯಿಲ್‌ನಿಂದ ಅವರು ಅದೇ ಸೀಟಿನಲ್ಲಿ ಸಿಕ್ಕಿಕೊಂಡಿದ್ದರು.

ಹುಡುಗಿಯರೇ, ಮೊದಲು ಗೌಸ್ ಚಾಚಾನ ಬಗ್ಗೆ. ಈಗ ನಿಮ್ಮ ಮೇಲಿನವರು ಅವರೇ. ಅವರು ಡಬ್ಬಿಯ ಮೇಲಿನ ಅಂಕಿ ಓದುವುದಿಲ್ಲ. ಆಯಿಲ್ ಮಟ್ಟ ನೋಡುವ ಕಡ್ಡಿ ಎಳೆದು, ತುದಿಯ ಆಯಿಲನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ, ಮೂಗಿಗೆ ಹಿಡಿದು ಹೇಳುತ್ತಾರೆ. ನಾನು ಸೇರಿದ ಮೊದಲ ವಾರ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ತಾರೀಖು, ಗಾಡಿ, ಓಡಿದ ಕಿಲೋಮೀಟರ್, ಆಯಿಲ್‌ನ ಅಂಕಿ, ಹಾಕಿದ ಲೀಟರ್ ಎಂದು ಐದು ಕಾಲಮ್ ಮಾಡಿದಾಗ ಅವರು ನಕ್ಕರು.

"ಏ ಬೇಟಿ, ಗಾಡಿ ರಿಪೇರಿ ಮಾಡಾಕ ಬಂದೀಯೋ, ಊರ ಲೆಕ್ಕ ಬರಿಯೂ ತಲಾಠಿ ಆಗಾಕ ಬಂದೀಯೋ?"

ನನ್ನ ಪುಸ್ತಕ ಮತ್ತು ಅವರ ಬೆರಳು ಎಷ್ಟು ಸಲ ಬೇರೆ ಬೇರೆ ಮಾತು ಹೇಳಿದವು ಎಂದು ಮೊದಲ ಎರಡು ವರ್ಷ ಲೆಕ್ಕ ಇಟ್ಟೆ. ಇಪ್ಪತ್ತೇಳು ಸಲ ಜಗಳ ಆಯಿತು. ಹದಿನೆಂಟು ಸಲ ಬೆರಳು ಗೆದ್ದಿತು. ಆದ್ದರಿಂದ ನಗಬೇಡಿ.

ಡಬ್ಬಿಯ ಮೇಲೆ 5W-40 ಎಂದಿರುತ್ತದೆ. ಮೊದಲಿನ ಅಂಕಿ ಸಣ್ಣದಿದ್ದಷ್ಟೂ ಬೆಳಗಿನ ತಂಪಿನಲ್ಲಿ ಆಯಿಲ್ ಬೇಗ ಮೇಲೇರುತ್ತದೆ. ಎರಡನೆಯದು ದೊಡ್ಡದಿದ್ದಷ್ಟೂ ಕಾದ ಮೇಲೆ ದಪ್ಪ ಉಳಿಯುತ್ತದೆ. ಗ್ಯಾರೇಜಿನಲ್ಲಿ ನಾವು ಎರಡನೆಯದನ್ನಷ್ಟೇ ಹಿಡಿದು ಮೂವತ್ತರದು, ನಲವತ್ತರದು, ಅರವತ್ತರದು ಎನ್ನುತ್ತೇವೆ. ಟರ್ಬೊ ಎಂದರೆ ಹೊಗೆಯ ರಭಸಕ್ಕೆ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಚಕ್ರ. ಅದರ ನಡುವಿನ ಸಣ್ಣ ಶಾಫ್ಟು ತೇಲುವುದು ಈ ಆಯಿಲ್‌ನ ಮೇಲೆಯೇ. ಒಂದು ಕ್ಷಣ ಆಯಿಲ್ ತಪ್ಪಿದರೆ ಲೋಹಕ್ಕೆ ಲೋಹ ತಾಗುತ್ತದೆ. ಇದನ್ನು ತಿಳಿದ ದಿನದಿಂದ ಟರ್ಬೊ ಗಾಡಿಯ ಬಾನೆಟ್ ಎತ್ತುವ ಮೊದಲು ನನಗೆ ಅಂಜಿಕೆಯಾಗುತ್ತಿತ್ತು. ಆ ಅಂಜಿಕೆ ನಿಮಗೂ ಇರಲಿ. ಅದಿಲ್ಲದ ದಿನಗಳಲ್ಲೇ ನಾನು ತಪ್ಪು ಮಾಡಿದ್ದು.

ಮೊದಲ ದೊಡ್ಡ ತಪ್ಪು ಕಲ್ಲೋಳಿಯದು. ಟರ್ಬೊ ಕೂಡಿಸಿ, ಗಾಡಿಯೊಳಗಿನ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ ಜೋರು ಮಾಡಿದ ಕಾರು. ಮಾಲೀಕ ಫೋನಿನಲ್ಲಿ, ಆಯಿಲ್ ಕಡ್ಡಿಯ ಕೆಳಗಿನ ಗೆರೆಗೆ ಬಂದಿದೆ ಎಂದ. "ಒಂದ್ ಲೀಟರ್ ಹಾಕಿ ತಗೊಂಡ್ ಬರ್ರಿ" ಎಂದೆ. ಯಾವುದು ಎಂದು ಹೇಳಲಿಲ್ಲ. ಮನೆಯಲ್ಲಿ ಟ್ರ್ಯಾಕ್ಟರಿಗೆಂದು ತಂದಿಟ್ಟ ಡ್ರಮ್ಮು ಇತ್ತು. ಅವನ ತಂದೆ ಅದರಿಂದಲೇ ತುಂಬಿದರು. ಹನ್ನೆರಡನೆಯ ದಿನ ಕಾರನ್ನು ಎಳೆದುಕೊಂಡು ಬಂದರು. ಟರ್ಬೊ ಬಿಚ್ಚಿದಾಗ ಶಾಫ್ಟು ಸುಟ್ಟು ನೀಲಿಯಾಗಿತ್ತು.

ತಂದೆ ನನ್ನ ಮುಖ ನೋಡಿ ಕೇಳಿದರು. "ಅಲ್ಲ ತಂಗಿ, ಟ್ರ್ಯಾಕ್ಟರ್ ಅಷ್ಟು ಕಬ್ಬು ಎಳೀತೈತಿ, ಅದಕ್ಕ ನಡೀತೈತಿ. ಈ ಸಣ್ಣ ಡಬ್ಬಿಗಿ ಯಾಕ ನಡಿಯಂಗಿಲ್ಲ?"

"ಕಾಕಾ, ಟ್ರ್ಯಾಕ್ಟರ್ ಎತ್ತು ಇದ್ದಂಗ್ರಿ. ಇದು ಗಿರಗಿರ ತಿರುಗೂ ಭಂಬರಿ" ಎಂದರು ಗೌಸ್ ಚಾಚಾ, ನನ್ನನ್ನು ಹಿಂದೆ ಸರಿಸಿ. ನನ್ನ ಫೋನಿನ ಮಾತಿನ ಬಗ್ಗೆ ಅವರು ಬಾಯಿಬಿಡಲಿಲ್ಲ. ಟ್ರ್ಯಾಕ್ಟರಿನ ಆಯಿಲ್ ಒಂದೇ ಕಾರಣವೋ, ಹನ್ನೆರಡು ದಿನ ಜೋರಾಗಿ ಓಡಿಸಿ ಥಟ್ಟನೆ ಬಂದ್ ಮಾಡಿದ್ದೂ ಸೇರಿತೋ, ಯಾರಿಗೆ ಗೊತ್ತು. ಅಂದಿನಿಂದ ಅಂಕಿಯನ್ನು ಎರಡು ಸಲ ಹೇಳಿ, ಮೂರನೆಯ ಸಲ ಅವರ ಬಾಯಿಂದ ಹೇಳಿಸದೆ ನಾನು ಫೋನ್ ಇಟ್ಟಿಲ್ಲ.

ಎರಡನೆಯದು ಮೂಡಲಗಿಯದು, ಇದರಲ್ಲಿ ತಪ್ಪು ನನ್ನದಲ್ಲ. ಮದುವೆಯ ವಿಡಿಯೊ ತೆಗೆಯುವವನೊಬ್ಬ ಅರವತ್ತರ ಆಯಿಲ್ ತಾನೇ ತರಿಸಿಕೊಂಡು ಬಂದ. ರೇಸಿನವರು ಅದನ್ನೇ ಹಾಕುತ್ತಾರಂತೆ. ಗೌಸ್ ಚಾಚಾ ಡಬ್ಬಿಯನ್ನು ಅಲುಗಾಡಿಸಿ ಕಿವಿಗೆ ಹಿಡಿದರು.

"ಇದು ಆಯಿಲ್ ಅಲ್ಲ, ಬೆಲ್ಲದ ಕಾಕವಿ. ರೊಟ್ಟಿ ಕೂಡ ಹಚ್ಚಿಕೊಂಡ್ ತಿನ್ರಿ."

"ನಿಮಗೇನ್ ಗೊತ್ತು ಮಿಸ್ತ್ರಿ, ಹೊಸಾ ಟೆಕ್ನಿಕ್ ಐತಿ" ಎಂದು ಅವನು ಹಾಕಿಸಿಕೊಂಡೇ ಹೋದ. ಡಿಸೆಂಬರಿನ ಒಂದು ಬೆಳಿಗ್ಗೆ ಏಳಕ್ಕೆ ಬಂದ. ಕೀಲಿ ತಿರುವಿದ ಮೇಲೆ ಆಯಿಲ್‌ನ ಕೆಂಪು ದೀಪ ಆರಲು ಆರು ಸೆಕೆಂಡು ಬೇಕಾಗಿತ್ತು. ನಾನು ಗಡಿಯಾರ ಹಿಡಿದು ನೋಡಿದೆ. ಆ ಆರು ಸೆಕೆಂಡೂ ಟರ್ಬೊ ಆಯಿಲ್ ಇಲ್ಲದೆಯೇ ತಿರುಗುತ್ತದೆ. ನಲವತ್ತರದು ಹಾಕಿದ ಮೇಲೆ ಒಂದೂವರೆ ಸೆಕೆಂಡಿಗೆ ಇಳಿಯಿತು. ಅವನು ಹಲ್ಲು ಕಿರಿದು ಹೋದ.

ಇಷ್ಟೆಲ್ಲ ಬರೆದಿಟ್ಟ ನಾನು ಬರೆಯದೇ ಬಿಟ್ಟದ್ದು ಒಂದೇ.

ಸಂತೆಯಲ್ಲಿ ಬದನೆಕಾಯಿ ತೂಗಿದ ಮೇಲೆ ಎರಡು ಕಾಯಿ ಮೇಲೆ ಹಾಕುತ್ತಾರಲ್ಲ, ಆ ಕೊಸರು ನಮ್ಮ ಗ್ಯಾರೇಜಿನಲ್ಲಿ ಆಯಿಲ್‌ಗೂ ಇತ್ತು. ಬೇರೆ ಬೇರೆ ಡಬ್ಬಿಗಳಲ್ಲಿ ಉಳಿದದ್ದನ್ನೆಲ್ಲ ಒಂದು ಹಳದಿ ಕ್ಯಾನಿಗೆ ಸುರಿದಿಡುತ್ತಿದ್ದೆವು. ಮೂವತ್ತರದು, ನಲವತ್ತರದು, ಎಲ್ಲ ಅದರಲ್ಲೇ. ಗಿರಾಕಿಯ ಗಾಡಿಗೆ ಮೇಲಿನ ಗೆರೆಯವರೆಗೆ ಹಾಕಿದ ಮೇಲೆ ಆ ಕ್ಯಾನಿನಿಂದ ಒಂದಿಷ್ಟು ಕೊಸರು. ಟ್ರ್ಯಾಕ್ಟರಿನವರು ಕೇಳಿಯೇ ಹಾಕಿಸಿಕೊಳ್ಳುತ್ತಿದ್ದರು. "ಊರ ಮುಟ್ಟೂಮಟ ಇರ್ಲಿ" ಎನ್ನುತ್ತಿದ್ದರು. ಹಾಕದಿದ್ದರೆ ಮಿಸ್ತ್ರಿ ಜುಗ್ಗ ಎಂಬ ಮಾತು. ಟ್ರ್ಯಾಕ್ಟರಿನ ದೊಡ್ಡ ಹೊಟ್ಟೆಗೆ ಅದು ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಕಾರುಗಳಿಗೂ ಬಂತು. ಕೊಸರನ್ನು ಯಾರೂ ಅಳೆಯುವುದಿಲ್ಲ, ಯಾರೂ ಬರೆಯುವುದಿಲ್ಲ. ನನ್ನ ಐದು ಕಾಲಮ್ಮಿನಲ್ಲೂ ಅದಕ್ಕೆ ಜಾಗ ಇರಲಿಲ್ಲ.

ಅಜಿತಣ್ಣನದು ಡೀಸೆಲ್ ಕಾರು. ಕಂಪನಿಯ ಟರ್ಬೊ ತೆಗೆದು ಅದಕ್ಕಿಂತ ದೊಡ್ಡದನ್ನು ಕೂಡಿಸಿದ್ದ. ಸ್ಪ್ರಿಂಗ್ ಕತ್ತರಿಸಿ ನೆಲಕ್ಕೆ ಇಳಿಸಿದ್ದ. ಅವನ ತಾಯಿಯನ್ನು ಎಲ್ಲರೂ ಆಯಿ ಎನ್ನುತ್ತಿದ್ದೆವು. ಮೊಣಕಾಲು ನೋವಿನವರು. ಆ ತಗ್ಗಿನ ಕಾರಿನಿಂದ ಅವರನ್ನು ಎಬ್ಬಿಸಲು ಇಬ್ಬರು ಬೇಕಾಗುತ್ತಿತ್ತು.

"ಗಾಡಿ ತಗೊಂಡಾನೋ, ತೊಟ್ಟಿಲ ತಗೊಂಡಾನೋ ಗೊತ್ತಿಲ್ಲ. ಕುಂದ್ರಬೇಕಂದ್ರ ಮಲಗಬೇಕು" ಎಂದು ಪ್ರತಿ ಸಲ ಬೈಯುತ್ತಲೇ ಕೂರುತ್ತಿದ್ದರು.

ಜನವರಿಯ ಕೊನೆಗೆ ಗೌಸ್ ಚಾಚಾ ಆ ಕಾರಿನ ಕಡ್ಡಿ ಎಳೆದು ಮೂಗಿಗೆ ಹಿಡಿದವರು ಮುಖ ಕಿವುಚಿದರು. ಆಯಿಲ್ ಮಟ್ಟ ಕಡಿಮೆಯಾಗುವ ಬದಲು ಏರಿತ್ತು. ಉರಿಯದ ಡೀಸೆಲ್ ಇಳಿದು ಸೇರುತ್ತಿತ್ತು.

"ಬೇಟಿ, ಆಯಿಲ್ ಇಳಿದ್ರ ಗಾಡಿ ಸಾಯ್ತೈತಿ. ಏರಿದ್ರ ಹುಚ್ಚ ಹಿಡೀತೈತಿ. ಡೀಸೆಲ್ ಎಂಜಿನ್ ತನ್ನ ಆಯಿಲ್ ತಾನ ಕುಡ್ಯಾಕ ಶುರು ಮಾಡ್ತಂದ್ರ ಕೀಲಿ ತಗದ್ರೂ ನಿಲ್ಲಂಗಿಲ್ಲ. ಒಡೆಯೂತನಕ ಓಡ್ತೈತಿ."

ಈ ಕಾರಿನ ಕಂಪ್ಯೂಟರಿನಲ್ಲೂ ಇದ್ದ ಜೋರು ಸೆಟ್ಟಿಂಗನ್ನು ಇಳಿಸಿ, ಆಯಿಲ್ ಪೂರ್ತಿ ಬದಲಿಸಿದೆವು. ಮೂರು ವಾರ ಬಿಟ್ಟು ಇನ್ನೊಮ್ಮೆ ಬದಲಿಸೋಣ ಎಂದೂ ಹೇಳಿದೆವು. ಗೌಸ್ ಚಾಚಾನ ಆ ಮಾತನ್ನು ಅಂದೇ ಬರೆದುಕೊಂಡೆ. ತಾರೀಖು ಕೂಡ ಇದೆ. ಆದ್ದರಿಂದ ಗೊತ್ತಿರಲಿಲ್ಲ ಎಂದು ನಾನು ಹೇಳುವಂತಿಲ್ಲ.

ಫೆಬ್ರವರಿ 20, ಗುರುವಾರ, ಮಧ್ಯಾಹ್ನ. ಅಜಿತಣ್ಣ ಆಯಿಯನ್ನು ಮೂಡಲಗಿಯ ಚಿಕ್ಕಮ್ಮನ ಮನೆಗೆ ಕರೆದುಕೊಂಡು ಹೊರಟಿದ್ದ. ದಾರಿಯಲ್ಲಿ ಆಯಿಲ್ ಬದಲಿಸಿಕೊಂಡು ಹೋಗಲು ಬಂದ. ಆಯಿಯನ್ನು ಇಳಿಸಿ ಬೆಂಚಿನ ಮೇಲೆ ಕೂರಿಸಿದೆವು. ನಲವತ್ತರ ಆಯಿಲ್, ಮೂರು ಲೀಟರ್ ಇನ್ನೂರು ಮಿಲಿ. ಸರಿಯಾಗಿ ಮೇಲಿನ ಗೆರೆ. ಬರೆದೆ. ಆಯಿಯನ್ನು ಮತ್ತೆ ಹಿಂದಿನ ಸೀಟಿಗೆ ಏರಿಸಿದೆವು. ಫಿಲ್ಟರಿನ ಡಬ್ಬ ಎಸೆಯಲು ನಾನು ಹಿಂದಿನ ಕೋಣೆಗೆ ಹೋದಾಗ ಗೌಸ್ ಚಾಚಾ ತಮ್ಮ ಕೊಸರು ಹಾಕಿದರು. ಹಾಕಿ ನಮಾಜಿಗೆ ಕೈಕಾಲು ತೊಳೆಯಲು ನಲ್ಲಿಯ ಕಡೆ ನಡೆದರು. ನಾನು ಅದನ್ನು ನೋಡಲಿಲ್ಲ.

ನಾನು ಬಂದಾಗ ಆಯಿ ಕಿಟಕಿಯಿಂದ ಮುಖ ಹೊರಹಾಕಿದ್ದರು.

"ಏನ್ ತಂಗಿ, ನಮಗ ಕೊಸರು ಇಲ್ಲೇನ? ಅಷ್ಟ್ ದೂರದಿಂದ ಬಂದೇವಿ."

"ಆಯಿ, ಇದೇನ್ ಬದನಿಕಾಯಿ ಅಲ್ರಿ" ಎಂದೆ.

"ಹೌದವ್ವಾ, ಬದನಿಕಾಯಿ ಮಾರಾಕೀನ ಕೊಡ್ತಾಳ. ನಿಮ್ಮಂಥ ಕಲಿತವರ ಕೈ ಏಳಂಗಿಲ್ಲ!"

ಅಜಿತಣ್ಣ ನಕ್ಕ. ನಾನೂ ನಕ್ಕೆ. ಹಳದಿ ಕ್ಯಾನ್ ಎತ್ತಿ ಸುರಿದೆ. ಎಷ್ಟು ಎಂದು ಕೇಳಬೇಡಿ. ಅರ್ಧ ಲೀಟರ್ ಇರಬಹುದು. ಕಡ್ಡಿ ಮತ್ತೆ ಎಳೆದು ನೋಡಲಿಲ್ಲ, ಐದು ನಿಮಿಷ ಮೊದಲು ನೋಡಿದ್ದೆನಲ್ಲ.

"ಒಂದೀಟು ರೇಸ್ ಕೊಡ್ರಿ ಅಜಿತಣ್ಣ, ಸೋರ್ತೈತೇನ್ ನೋಡೂಣು."

ಅವನು ಚಾಲೂ ಮಾಡಿ ಮೂರು ಸಲ ಒತ್ತಿದ. ಮೂರನೆಯ ಸಲ ಕಾಲು ತೆಗೆದ. ಧ್ವನಿ ಇಳಿಯಲಿಲ್ಲ.

ಮೊದಲು ಹಿಂದಿನಿಂದ ತೆಳು ನೀಲಿ ಹೊಗೆ. ಆಮೇಲೆ ಬಿಳಿ. ಅಜಿತಣ್ಣ ಕೀಲಿ ತೆಗೆದು ನನಗೆ ಎತ್ತಿ ತೋರಿಸಿದ. ಕೀಲಿ ಅವನ ಕೈಯಲ್ಲಿತ್ತು, ಎಂಜಿನ್ ಏರುತ್ತಲೇ ಇತ್ತು. ಅಂಥ ಧ್ವನಿಯನ್ನು ನಾನು ಕೇಳಿರಲಿಲ್ಲ. ತಗಡಿನ ಮಾಡು ನಡುಗಿತು. ಹೊಗೆಯಲ್ಲಿ ಅವನು ಜಿಗಿದು ಹಿಂದಿನ ಬಾಗಿಲು ತೆಗೆದ. ಆಯಿಯ ಎರಡೂ ಕೈ ಹಿಡಿದು ಎಳೆದ. ಅವರು ಅರ್ಧ ಎದ್ದು ಮತ್ತೆ ಕುಸಿದರು.

"ಮಗಾ, ನನ್ನ ಬಿಡು, ನೀ ದೂರ ಹೋಗು!"

ಎಳೆಯಲು ಇಬ್ಬರು ಬೇಕೆಂದು ಎಲ್ಲರಿಗಿಂತ ಚೆನ್ನಾಗಿ ನನಗೆ ಗೊತ್ತಿತ್ತು. ನಾನು ಕ್ಯಾನ್ ಹಿಡಿದುಕೊಂಡು ನಿಂತೇ ಇದ್ದೆ. ಇದನ್ನು ಬರೆಯದಿದ್ದರೆ ಉಳಿದದ್ದನ್ನು ಬರೆದು ಉಪಯೋಗವಿಲ್ಲ.

ಗೌಸ್ ಚಾಚಾ ಬರಿಗಾಲಲ್ಲಿ, ಮೊಣಕೈತನಕ ನೀರು ಸೋರಿಸುತ್ತಾ ಓಡಿ ಬಂದು ಡ್ರೈವರ್ ಸೀಟಿಗೆ ಬಿದ್ದರು. ಕ್ಲಚ್ ಒತ್ತಿ, ಐದನೆಯ ಗೇರಿಗೆ ಹಾಕಿ, ಬ್ರೇಕಿನ ಮೇಲೆ ನಿಂತು ಕ್ಲಚ್ ಬಿಟ್ಟರು. ಕಾರು ಮುಗ್ಗರಿಸಿತು, ನಿಲ್ಲಲಿಲ್ಲ. ಸುಟ್ಟ ವಾಸನೆ. ಎರಡನೆಯ ಸಲ ಕಾರು ಇಡಿಯಾಗಿ ಒಮ್ಮೆ ಎಗರಿ ಸತ್ತಿತು.

ಆಯಿ ಅಳುತ್ತಿರಲಿಲ್ಲ. ಸೆರಗಿನಿಂದ ಮೂಗು ಮುಚ್ಚಿಕೊಂಡು ಸೀಟಿನ ಅಂಚನ್ನು ಹಿಡಿದೇ ಕೂತಿದ್ದರು. ಬೆರಳು ಬಿಡಿಸಬೇಕಾಯಿತು.

ಅವರಿಬ್ಬರೂ ಬೇರೆ ಗಾಡಿಯಲ್ಲಿ ಊರಿಗೆ ಹೋದ ಮೇಲೆ ನಾನು ಹೇಳಿದೆ. "ಚಾಚಾ, ಗೆರಿ ಮ್ಯಾಲಿನ ಆಯಿಲ್ ನಾ ಹಾಕಿದ್ದು. ಕೊಸರು."

ಅವರು ತಮ್ಮ ಕೈ ನೋಡಿಕೊಂಡರು. "ನೀನೂ ಹಾಕೀದಿ?"

ಆ ‘ನೀನೂ’ ಎಂಬುದು ತಿಳಿಯಲು ನನಗೆ ಸ್ವಲ್ಪ ಸಮಯ ಹಿಡಿಯಿತು.

"ನಿನಗ ಹೇಳಿದಾವ ನಾನ. ಹಾಕಿದಾವನೂ ನಾನ" ಎಂದರು. "ಇಪ್ಪತ್ತ್ ವರ್ಷದ ರೂಢಿ. ಕೈ ತಾನ ಹೋಗ್ತೈತಿ, ಬೇಟಿ."

ಮರುದಿನ ಚೇಂಬರಿನಿಂದ ಇಳಿಸಿ ಅಳತೆಯ ಜಗ್ಗಿಗೆ ಸುರಿದೆ. ಮೂರು ಲೀಟರ್ ಆರುನೂರು ಬಂತು. ಅದರಿಂದ ಏನು ತಿಳಿಯಿತು? ಹಾಕಿದ್ದು ಎಷ್ಟೆಂದು ಗೊತ್ತಿದ್ದರೆ ಕಳೆದು, ಎಂಜಿನ್ ಕುಡಿದದ್ದು ಎಷ್ಟೆಂದು ಹೇಳಬಹುದಿತ್ತು. ಗಾಳಿಯ ಪೈಪಿನಲ್ಲಿ ಒಂದು ಚಹಾ ಲೋಟದಷ್ಟು ಆಯಿಲ್ ನಿಂತಿತ್ತು. ಹೆಚ್ಚಾದ ಆಯಿಲನ್ನು ಎಂಜಿನ್ ಒಳಗೆ ತಿರುಗುವ ಕ್ರ್ಯಾಂಕ್ ಕಡೆದು ನೊರೆ ಮಾಡಿ ಆ ದಾರಿಗೆ ತಳ್ಳಿತೋ, ದೊಡ್ಡ ಟರ್ಬೊದ ಸೀಲು ಮೊದಲೇ ಸೋರುತ್ತಿತ್ತೋ, ಬೇರೆ ಬೇರೆ ಅಂಕಿಗಳ ಬೆರಕೆಯಿಂದ ಏನಾದರೂ ಆಯಿತೋ, ಹೇಳಲಾರೆ. ಶಾಫ್ಟಿನ ಅಲುಗಾಟವನ್ನು ಮೊದಲೇ ಅಳೆದಿಟ್ಟಿದ್ದರೆ ಒಂದನ್ನಾದರೂ ಹೊಡೆದುಹಾಕಬಹುದಿತ್ತು. ಅಳೆದಿರಲಿಲ್ಲ.

ಗೌಸ್ ಚಾಚಾ ಹಳದಿ ಕ್ಯಾನನ್ನು ಖಾಲಿ ಮಾಡಿ ತಳಕ್ಕೆ ತೂತು ಹೊಡೆದರು. ನನ್ನ ಪುಸ್ತಕದಲ್ಲಿ ಆರನೆಯ ಕಾಲಮ್ ಎಳೆದು, ಯಾರು ಸುರಿದರು ಎಂದು ಬರೆಯಲು ಅವರೇ ಹೇಳಿದರು. ಈಗ ನೀವು ತುಂಬುತ್ತಿರುವುದು ಅದನ್ನೇ. ಆದರೆ ಮಾರ್ಚಿನಲ್ಲಿ ಒಂದೊಂದು ಕಾರಿನ ಕಡ್ಡಿಯನ್ನು ನಾನು ಆರು ಸಲ, ಏಳು ಸಲ ಎಳೆಯತೊಡಗಿದೆ. ಗಿರಾಕಿ ಕೀಲಿ ತಿರುವಿದರೆ ಗೋಡೆಯ ಆಚೆ ಹೋಗಿ ನಿಲ್ಲುತ್ತಿದ್ದೆ. ಒಂದು ದಿನ ಬೈಕಿಗೂ ಹಾಗೆ ಮಾಡಿದೆ. ಆಗ ಬಿಟ್ಟೆ.

ಅಜಿತಣ್ಣ ಮಾತ್ರ ಬಿಡಲಿಲ್ಲ. ಬೇರೆ ಯಾರನ್ನಾದರೂ ಕೇಳಿ ಎಂದರೆ, "ಅವರ್ಯಾರೂ ಅಂಜಂಗಿಲ್ಲ. ಅಂಜೂವರು ಹೇಳಿದ್ದ ಬೇಕ" ಎನ್ನುತ್ತಾನೆ. ಹಾಗಾಗಿ ಅವನಿಗೂ ನಿಮಗೂ ನನ್ನ ಉತ್ತರ ಇದು. ದೊಡ್ಡ ಟರ್ಬೊ ಹಾಕಿದ, ರಸ್ತೆಯಲ್ಲಿ ಓಡುವ ಈ ಡೀಸೆಲ್ ಕಾರಿಗೆ ಪೂರ್ತಿ ಸಿಂಥೆಟಿಕ್ 5W-40, ಕಂಪನಿಯ ಪುಸ್ತಕ ಹೇಳಿದ ದರ್ಜೆಯದು. ಒಂದೇ ಡಬ್ಬಿ, ಒಡೆಯದ ಸೀಲು. ಎರಡು ಗೆರೆಗಳ ನಡುವೆ, ಮೇಲಿನದಕ್ಕೆ ಮುಟ್ಟದಂತೆ. ಕಂಪನಿ ಹೇಳಿದ ಅರ್ಧ ದೂರಕ್ಕೇ ಬದಲಿಸುವುದು. ಇಳಿದದ್ದನ್ನೂ ಅಳೆದು ಬರೆಯುವುದು. ಜೋರು ಓಡಿಸಿ ನಿಲ್ಲಿಸಿದರೆ ಎಂಜಿನನ್ನು ಎರಡು ನಿಮಿಷ ನಿಧಾನಕ್ಕೆ ತಿರುಗಲು ಬಿಟ್ಟು ಬಂದ್ ಮಾಡುವುದು. ಮೊದಲ ಸಲ ಚಾಲೂ ಮಾಡುವಾಗ ಎಂಜಿನ್ ಹುಚ್ಚು ಹಿಡಿದರೆ ಗಾಳಿ ಎಳೆಯುವ ಬಾಯಿಯನ್ನು ಮುಚ್ಚಲು ದಪ್ಪ ಹಲಗೆ ಹಿಡಿದು ಒಬ್ಬರು ನಿಂತಿರಬೇಕು. ಕೈ ಅಡ್ಡ ಇಡಬಾರದು. ಒಳಗೆ ಯಾರೂ ಕೂತಿರಬಾರದು.

ಈ ಉತ್ತರವನ್ನು ನಿನ್ನೆ ಸಂಜೆಯೇ ಅಜಿತಣ್ಣನಿಗೆ ಫೋನಿನಲ್ಲಿ ಹೇಳಿದೆ. ಅವನು ಎರಡು ಸಲ ತಿರುಗಿ ಹೇಳಿದ. ಆಮೇಲೆ ತಡೆದು, "ಆಯಿ ಶೆಡ್ಡಿಗೆ ಹೋಗಾಕತ್ತಾಳ" ಎಂದ.

"ಯಾಕ?"

"ಬಂದ್ ಗಾಡ್ಯಾಗ ಕುಂದರ್ತಾಳ, ಇಳೀತಾಳ. ಮತ್ತ ಕುಂದರ್ತಾಳ. ದೀಪಾವಳಿಯಿಂದ ದಿನಾ. ಮೊದಲ ನಾನೂ ನನ್ನ ಹೆಂಡ್ತಿನೂ ಹಿಡೀಬೇಕಾಗಿತ್ತು. ಈಗ ಬಾಗಲ ಹಿಡಕೊಂಡು ಒಬ್ಬಾಕೀನ ಇಳೀತಾಳ. ಬ್ಯಾಡ ಅಂದ್ರ ಕೇಳಂಗಿಲ್ಲ. ಮೂಡಲಗಿಗಿ ಇದ ಗಾಡ್ಯಾಗ ಹೋಗ್ತೀನಿ ಅಂತಾಳ. ಇಳ್ಯಾಕ ಬಂದ್ರ ಕುಂದ್ರಾಕ ಯಾಕ ಅಂಜಲಿ ಅಂತಾಳ."

ಆಗಲೂ ಆಯಿ ಶೆಡ್ಡಿನಲ್ಲೇ ಇದ್ದರು. ಫೋನಿನಲ್ಲೇ ಇರಿ ಎಂದು, ಅವರಿಗೆ ಇಳಿಯಲು ಎಷ್ಟು ಹೊತ್ತು ಬೇಕೆಂದು ಎಣಿಸಲು ಹೇಳಿದೆ. ಮೂರು ಸಲ ಎಣಿಸಿದ. ಹದಿಮೂರು, ಹನ್ನೆರಡು, ಹನ್ನೊಂದು ಸೆಕೆಂಡು. ಗ್ಯಾರೇಜಿನ ಕ್ಯಾಮೆರಾದಲ್ಲಿ ಸೆರೆಯಾದ ಆ ಗುರುವಾರದ ವಿಡಿಯೊ ನನ್ನ ಬಳಿ ಇದೆ. ಮೊದಲ ನೀಲಿ ಹೊಗೆಯಿಂದ ಕಾರು ಕಾಣದಷ್ಟು ಬಿಳಿಯಾಗಲು ಒಂಬತ್ತು ಸೆಕೆಂಡು, ಆಯಿಯ ಹನ್ನೊಂದಕ್ಕಿಂತ ಎರಡು ಕಡಿಮೆ. ನನಗೆ ಗೊತ್ತಿರುವುದು ಈ ಒಂದು ಸಲದ ಲೆಕ್ಕ ಮಾತ್ರ.

ಬರುವ ಭಾನುವಾರ ಅಜಿತಣ್ಣ ಆಯಿಲ್ ಸುರಿಯುತ್ತಾನೆ. ಓದುವವರಲ್ಲಿ ಯಾರಾದರೂ ಇಂಥ ಎಂಜಿನ್ ಹುಚ್ಚು ಹಿಡಿದದ್ದನ್ನು ಗಡಿಯಾರ ಹಿಡಿದು ನೋಡಿದ್ದರೆ, ಅಥವಾ ದೊಡ್ಡ ಟರ್ಬೊವನ್ನು ನಲವತ್ತರ ಆಯಿಲ್‌ನಲ್ಲಿ ಒಂದು ವರ್ಷ ಓಡಿಸಿ ಗಾಳಿಯ ಪೈಪು ಬಿಚ್ಚಿ ಅಳೆದಿದ್ದರೆ, ದಯವಿಟ್ಟು ಅದಕ್ಕೆ ಮೊದಲು ಬರೆಯಿರಿ. ನನ್ನ ಉತ್ತರದಲ್ಲಿ ಏನು ತಪ್ಪಿದೆ ಎಂಬುದನ್ನೇ ಮೊದಲು ಬರೆಯಿರಿ. ಆಯಿ ಇಂದು ಬೆಳಿಗ್ಗೆಯೂ ಶೆಡ್ಡಿಗೆ ಹೋಗಿರುತ್ತಾರೆ.